ವೆಂಕೋಬರಾಯರ ಪದಬಂಧ

ಭೋಪಾಲಿನ ಈ ಮನೆಗೆ ಕನ್ನಡ ಪೇಪರ್ ಬರುವುದಿಲ್ಲ. ಬಂದಿದ್ದರೆ ಮೊದಲು ಪದಬಂಧದ ಪುಟವನ್ನೇ ತೆಗೆಯುತ್ತಿದ್ದೆ. ಅದು ಊರಲ್ಲಿ ಪಕ್ಕದ ಮನೆಯಲ್ಲಿದ್ದ ಚಂಪಕ್ಕನಿಂದ ನನಗೆ ಅಂಟಿದ ಚಟ.

ತುಮಕೂರಿನ ನಮ್ಮ ವಠಾರದಲ್ಲಿ ಎಲ್ಲ ಮನೆಗೂ ಸೇರಿ ಒಂದೇ ಪೇಪರ್. ಮೊದಲ ಓದು ಮಾಲೀಕರಾದ ವೆಂಕೋಬರಾಯರದು. ಅವರು ಪದಬಂಧವನ್ನು ಶಾಯಿಯಲ್ಲಿ ತುಂಬಿಯೇ ಮುಂದಿನ ಮನೆಗೆ ಕಳಿಸುತ್ತಿದ್ದರು. ಚಂಪಕ್ಕನಿಗೆ ಒಂದು ಚೌಕವೂ ಉಳಿಯುತ್ತಿರಲಿಲ್ಲ. "ನಮಗೂ ಒಂದಿಷ್ಟು ಬಿಡಿ" ಎಂದರೆ, "ಅದೆಲ್ಲ ಹೆಂಗಸರ ತಲೆಗೆ ಹತ್ತೋದಿಲ್ಲಮ್ಮ" ಅನ್ನುತ್ತಿದ್ದರು.

ಒಂದು ಬೆಳಿಗ್ಗೆ ಚಂಪಕ್ಕ ಅವರ ಜಗಲಿಯ ಬಳಿ ನಿಂತಳು.

"ಇವತ್ತೇನು ಸುಳಿವು, ರಾಯರೇ?"

"ಕರ. ಮೂರಕ್ಷರ. ಇದೇನು ಮಹಾ! ಕಂದಾಯ."

"ಹೌದೌದು. ಆದ್ರೆ ಕಿರಣ ಅಂತಲೂ ಆಗಬಹುದು. ಆನೆಯ ಸೊಂಡಿಲಿಗೂ ಕರ ಅಂತಾರಲ್ಲ."

ರಾಯರ ಪೆನ್ನು ನಿಂತಿತು.

"ಬರೀರಿ ರಾಯರೇ. ಪೇಪರ್ ಮನೆಮನೆಗೂ ಹೋಗುತ್ತೆ. ಎಲ್ಲರೂ ನಿಮ್ಮ ಉತ್ತರ ಓದ್ತಾರೆ."

ರಾಯರು ಪೆನ್ನಿನ ಮುಚ್ಚಳ ಹಾಕಿದರು. ನಡುವಿನ ಮನೆಯವರಿಗೆ ಸಿನಿಮಾ ಪುಟ ಸಿಕ್ಕರೆ ಸಾಕಿತ್ತು. ಪದಬಂಧ ಖಾಲಿಯಾಗಿಯೇ ಚಂಪಕ್ಕನ ಕೈ ಸೇರಿತು.

ಸಂಜೆ ರಾಯರು ಅವಳ ಬಾಗಿಲಿಗೆ ಬಂದು ನೋಡಿದರೆ, ಅವಳೂ ಶಾಯಿಯಲ್ಲೇ ಬರೆಯುತ್ತಿದ್ದಾಳೆ!

"ತಪ್ಪಾದರೆ ನಿಮಗೆ ನಾಚಿಕೆಯಾಗೋದಿಲ್ವೇನಮ್ಮ?"

"ನಮ್ಮದು ಕೊನೇ ಮನೆ, ರಾಯರೇ. ಇಲ್ಲಿಂದ ಪೇಪರ್ ಹೋಗೋದು ಬಚ್ಚಲ ಒಲೆಗೆ."

ರಾಯರು ಹಿಂದೆ ಯಾರಾದರೂ ಇದ್ದಾರೆಯೇ ಎಂದು ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ ಒಳಗೆ ಬಂದು ಚಾಪೆಯ ಮೇಲೆ ಕೂತರು.

"ಹಾಗಾದ್ರೆ ಆ ಸೊಂಡಿಲು ಹೊಂದುತ್ತಾ, ಸ್ವಲ್ಪ ನೋಡಿ."