ಮುಟ್ಟಿ ನೋಡಿದ ಕೈ

ಶಿಷ್ಯನೊಬ್ಬ ಕೇಳಿದ: "ಗುರುಗಳೇ, ನಿನ್ನೆ ಮಗುವನ್ನು ಕಳೆದುಕೊಂಡ ತಾಯಿಯೊಬ್ಬಳು ನಮ್ಮ ಬಾಗಿಲಲ್ಲಿ ಕೂತು ಅತ್ತಳು. ನನ್ನ ಮನಸ್ಸು ಒಂದಿಷ್ಟೂ ಅಲುಗಲಿಲ್ಲ. ಆದರೆ ಒಳಗೆ ಮುಟ್ಟಿ ನೋಡಿಕೊಂಡರೆ ದಯೆ ಬೆಚ್ಚಗೇ ಇದೆ. ನಾನು ದುಃಖವನ್ನು ದಾಟಿದೆನೆಂದು ತಿಳಿಯಲೇ?"

ಗುರುಗಳು ಈ ಕತೆ ಹೇಳಿದರು.

ಹಿಮ ಬೀಳುವ ಸೀಮೆಯಲ್ಲಿ ಒಬ್ಬ ಮನೆಯಲ್ಲೇ ಬಿಯರ್ ಮಾಡುತ್ತಿದ್ದ. ಮಗಳ ಮದುವೆ ಹತ್ತಿರ ಬಂದಿತ್ತು. ಹೆಣ್ಣಿನ ಅಪ್ಪ ತನ್ನ ಕೈಯಾರೆ ಮಾಡಿದ ಬಿಯರನ್ನು ಬೀಗರ ಬಟ್ಟಲಿಗೆ ಸುರಿಯದೆ ಅಲ್ಲಿ ಮದುವೆಯೇ ನಡೆಯದು. ಮನೆಯಲ್ಲಿ ಉಳಿದಿದ್ದ ಜವೆಗೋಧಿಯೆಲ್ಲ ಜಗಲಿಯ ಒಲೆಯ ಮೇಲಿನ ಹಂಡೆಯಲ್ಲಿತ್ತು. ಅದು ಕೆಟ್ಟರೆ ಮದುವೆಯೂ ಕೆಟ್ಟಂತೆ.

ಮೊಳಕೆ ಬರಿಸಿ ಒಡೆದ ಕಾಳನ್ನು ಬಿಸಿನೀರಿಗೆ ಹಾಕಿ, ಅದು ಸಿಹಿ ಬಿಡುವ ತನಕ ಬಿಸಿಯನ್ನು ಒಂದೇ ಹದದಲ್ಲಿ ಕಾಯಬೇಕು. ಆರಿದರೆ ಸಿಹಿ ಬಿಡುವುದಿಲ್ಲ. ಹೆಚ್ಚು ಕಾದರೆ ಸಿಹಿ ಬಿಡುವ ಗುಣವೇ ಸಾಯುತ್ತದೆ. ಬೆರಳು ಅದ್ದಿದರೆ ಚುರ್ರೆನ್ನಬೇಕು, ಬೊಬ್ಬೆ ಏಳಬಾರದು. ಅವನಿಗೆ ಗೊತ್ತಿದ್ದ ಅಳತೆ ಅದೊಂದೇ.

ಬೆಳಿಗ್ಗೆ ಮಗಳು ನೆಂಟರನ್ನು ಕರೆಯಲು ಹೊರಟಳು. ಅವನು ಹಂಡೆಯ ಮುಂದೆ ಕೂತ. ಹಿಮ ಸುರಿಯತೊಡಗಿತು. ಬೆರಳು ಅದ್ದಿ ನೋಡಿದ, ಬಿಸಿ ಇಳಿಯುತ್ತಿತ್ತು. ಉರಿ ಹೆಚ್ಚಿಸಿದರೆ ಕಾದುಹೋದೀತೆಂದು, ಹೊದ್ದಿದ್ದ ಕಂಬಳಿಯನ್ನು ತೆಗೆದು ಹಂಡೆಗೆ ಸುತ್ತಿದ. ಸಾಲದೆಂದು ಅಂಗಿಯನ್ನೂ ಬಿಚ್ಚಿ ಸುತ್ತಿದ. ಪಾಪ, ಎಂಥ ಅಪ್ಪ! ತನಗೂ ಒಂದು ಮೈಯಿದೆ ಎಂಬ ಪರಿವೆಯೇ ಅವನಿಗಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಮೈ ನಡುಗುವುದು ನಿಂತಿತು. ಚಳಿ ಬಿಟ್ಟಿತು ಎಂದುಕೊಂಡ. ಬೆರಳು ಅದ್ದಿದರೆ ಈಗ ಕೆಂಡ ಮುಟ್ಟಿದಂತೆ ಸುಟ್ಟಿತು. ಅಯ್ಯೋ, ಕಾದುಹೋಯಿತಲ್ಲ ಎಂದು ಗಾಬರಿಬಿದ್ದು ಕಂಬಳಿ ಬಿಚ್ಚಿದ. ಇನ್ನೂ ಸುಟ್ಟಿತು. ಒಲೆಯ ಕೆಂಡವನ್ನೆಲ್ಲ ಎಳೆದು ಹಿಮಕ್ಕೆ ಹಾಕಿದ. ಎಷ್ಟು ಆರಿಸಿದರೂ ಸುಡುವುದು ಹೆಚ್ಚುತ್ತಲೇ ಹೋಯಿತು.

ಸಂಜೆ ಮಗಳು ಬಂದಳು.

"ಬಾರಮ್ಮ, ಬಿಸಿಯಂತೂ ಇನ್ನೂ ಆರಿಲ್ಲ," ಎಂದ.

ಅವಳು ಹಂಡೆಗೆ ಕೈ ಹಾಕಿದಳು. ಮೇಲೆ ತೆಳ್ಳಗೆ ಮಂಜುಗಡ್ಡೆ ಕಟ್ಟಿತ್ತು. "ಅಪ್ಪಾ, ಇದು ಕೊರೆಯುತ್ತಿದೆ!"

"ಹುಚ್ಚಿ, ಸುಡುತ್ತಿದೆ ನೋಡು," ಎಂದು ಅವನು ಮೊಣಕೈ ತನಕ ಅದ್ದಿ ನಕ್ಕ.

ಮಗಳ ಬಾಯಿಂದ ಹಬೆ ಬರುತ್ತಿತ್ತು. ಅವನು ಅಷ್ಟು ಮಾತಾಡಿದರೂ ಅವನ ಬಾಯಿಂದ ಹಬೆ ಬರಲಿಲ್ಲ. ಅವಳು ಅವನ ಕೈ ಹಿಡಿದು ನೋಡಿದಳು, ಅದು ಹಂಡೆಯ ಮಂಜುಗಡ್ಡೆಗಿಂತಲೂ ತಣ್ಣಗಿತ್ತು. ತಟ್ಟನೆ ಬಿಟ್ಟು ಹಿಂದೆ ಸರಿದಳು. ಹೆತ್ತ ಅಪ್ಪನಿಗೇ ಹೆದರಿದಳು. ಯಾಕೆ ಹೆದರಿದಳೆಂದು ಅವನಿಗೆ ತಿಳಿಯಲೇ ಇಲ್ಲ.

"ಅವನು ಸತ್ತಿದ್ದನೇ?" ಎಂದ ಶಿಷ್ಯ. "ಸತ್ತದ್ದು ಅವನಿಗೇ ಗೊತ್ತಾಗಲಿಲ್ಲವೇ, ಗುರುಗಳೇ?"

ಗುರುಗಳು ಕೈ ಚಾಚಿದರು. "ಎಲ್ಲಿ, ನಿನ್ನ ಕೈ ಕೊಡು ನೋಡೋಣ."

ಶಿಷ್ಯ ಕೈಯನ್ನು ಹಿಂದಕ್ಕೆ ಎಳೆದುಕೊಂಡ.