ಹಂಪಮ್ಮನ ಗೆಡ್ಡೆಗೆ ಬಿಟ್ಟ ಅಂಚು

ನದಿ ದಂಡೆಯ ಕ್ಯಾನ್ಸರ್ ಆಸ್ಪತ್ರೆಯೊಂದರಲ್ಲಿ, ಡಾಕ್ಟರ್ ವಿಶಾಲಾಕ್ಷಿಯವರ ಹತ್ತಿರ ತಿಪ್ಪೇಶ ವಿಕಿರಣ ಚಿಕಿತ್ಸೆ ಕಲಿಯುತ್ತಿದ್ದ. ಕೈ ಚುರುಕು. ಅದರ ಹೆಮ್ಮೆಯೂ ಧಾರಾಳ.

ಬಳೆ ಮಾರುವ ಹಂಪಮ್ಮನಿಗೆ ಗುದದ್ವಾರದಲ್ಲಿ ಗೆಡ್ಡೆ. ವಾರಗಟ್ಟಲೆ ದಿನವೂ ಬಂದು ಮಲಗಿ ತೆಗೆದುಕೊಳ್ಳುವ ಕಿರಣಕ್ಕೆ ವಾಸಿಯಾದರೆ ಸರಿ. ಆಗದಿದ್ದರೆ ಆ ಭಾಗವನ್ನೇ ಕೊಯ್ದು, ಬದುಕಿರುವಷ್ಟು ದಿನ ಹೊಟ್ಟೆಗೆ ಮಲದ ಚೀಲ.

ಕಿರಣ ಎಲ್ಲಿಯವರೆಗೆ ಬೀಳಬೇಕೆಂದು ತಿಪ್ಪೇಶ ಕಂಪ್ಯೂಟರಿನಲ್ಲಿ ಗೆಡ್ಡೆಯ ಸುತ್ತ ಗೆರೆ ಎಳೆದ.

"ಮೇಡಂ, ಕಾಣದ ಬೇರುಗಳಿಗೆ ಪುಸ್ತಕ ಹೇಳಿದಷ್ಟೇ ಅಂಚು. ಕೂದಲೆಳೆಯಷ್ಟೂ ಹೆಚ್ಚು ಬಿಟ್ಟಿಲ್ಲ. ಒಳ್ಳೇ ಚರ್ಮ ಸುಡೋದೇ ಇಲ್ಲ."

ಗುರು ಪರದೆಯ ಕಡೆ ತಿರುಗಲೂ ಇಲ್ಲ. "ಹೋಗಿ ಮೆಷೀನಿನ ಮೇಲೆ ಮಲಗಪ್ಪ."

ಮಲಗಿದ. ಗೋಡೆಯಿಂದ ಬಂದ ಬೆಳಕಿನ ಗೆರೆ ಸೊಂಟದ ಮೇಲೆ ಬಿದ್ದಲ್ಲಿ ಅವರು ಪೆನ್ನಿನಿಂದ ಗುರುತು ಹಾಕಿದರು.

"ಎದ್ದು, ಮತ್ತೆ ಮಲಗು."

ಬೆಳಕು ಗುರುತಿನಿಂದ ಬೆರಳಗಲ ಆಚೆ ಬಿತ್ತು.

ತಿಪ್ಪೇಶನ ಮುಖ ಸಪ್ಪಗಾಯಿತು. ಹೋಗಿ ಸುತ್ತಲೂ ಕೈ ಬಿಚ್ಚಿ ಅಂಚು ಬಿಟ್ಟು ಬಂದ.

"ಈಗ ಗೆಡ್ಡೆ ಎಲ್ಲಿಗೆ ಜರುಗಿದ್ರೂ ತಪ್ಪಿಸ್ಕೊಳ್ಳಲ್ಲ ಮೇಡಂ!"

"ಚರ್ಮ ಬೆಂದು ಹಂಪಮ್ಮ ಅರ್ಧಕ್ಕೇ ಬರೋದು ನಿಲ್ಲಿಸಿದ್ರೆ, ಗೆಡ್ಡೇನೂ ರಜ ಹಾಕುತ್ತಾ?"

"ಹಾಗಾದ್ರೆ ಎಷ್ಟು ಬಿಡ್ಲಿ?"

"ನನ್ನ ಯಾಕೆ ಕೇಳ್ತೀಯ? ಅಲ್ಲಿ ಮಲಗೋಳು ನಾನಲ್ಲ."

ಅಂದು ಅವನು ಹಂಪಮ್ಮ ಮಲಗುವುದನ್ನು ನಿಂತು ನೋಡಿದ. ಆಕೆ ಕಣ್ಣು ಮುಚ್ಚಿ, ಮೈಯೆಲ್ಲ ಸೆಟೆಸಿಕೊಂಡಿದ್ದಳು. ಎದ್ದು ಮಲಗಿದ ಪ್ರತಿ ಸಲವೂ ಬೇರೆ ಥರ.

"ಗಂಡಸ್ರ ಮುಂದೆ ಹಿಂಗ್ ಮಲಗೋದು ಹೆಂಗಪ್ಪಾ?" ಅಂದಳು.

ಅವನಿಗೆ ಇದು ಹೊಳೆದೇ ಇರಲಿಲ್ಲ. ನಾಚಿಕೆಯಾಯಿತು. ತಾನೂ ಹೊರಗೆ ಬಂದು, ಆಸ್ಪತ್ರೆಯ ಹೆಣ್ಣುಮಕ್ಕಳನ್ನಷ್ಟೇ ಒಳಗೆ ಬಿಟ್ಟ. ದುಪ್ಪಟಿ ಹೊದಿಸಲು ಹೇಳಿದ. ಹಂಪಮ್ಮನ ಮೈ ಸಡಿಲವಾಯಿತು. ಅವರ ಕೈಯಲ್ಲೇ ಮತ್ತೆ ಮತ್ತೆ ಎಬ್ಬಿಸಿ, ಮಲಗಿಸಿ, ಸ್ಕ್ಯಾನ್ ತೆಗೆಸಿದ. ಬೇರುಗಳಿಗೆ ಪುಸ್ತಕ ಹೇಳಿದಷ್ಟು ಅಂಚು ಬಿಟ್ಟ, ಅಲುಗಾಟಕ್ಕೆ ಆಕೆಯ ಮೈ ಹೇಳಿದಷ್ಟು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ.

ಈ ಸಲ ಅವನು ಪರದೆಯನ್ನು ಗುರುವಿನ ಕಡೆ ತಿರುಗಿಸಿದ, ಅಷ್ಟೇ. ಗುರು ಪರದೆಯನ್ನು ಬಹಳ ಹೊತ್ತು ನೋಡಿದರು. ಎದ್ದು ಅವನನ್ನು ಹಂಪಮ್ಮನ ಬಳಿಗೆ ಕರೆದೊಯ್ದರು.

ಆಕೆ ಇವನನ್ನೂ ಅವರನ್ನೂ ನೋಡಿದಳು. "ಡಾಕ್ಟ್ರಮ್ಮಾ, ಹುಡುಗ ಒಳ್ಳೇನು. ಆದ್ರೂ ಕೊನೀಗೆ ನೀವೇ ಒಂದು ಕೈ ನೋಡ್ತೀರಲ್ಲ?"

ವಿಶಾಲಾಕ್ಷಿಯವರು ಶಿಷ್ಯನ ಬೆನ್ನ ಮೇಲೆ ಕೈ ಇಟ್ಟರು.

"ನೋಡಿ ಆಯ್ತು ತಾಯಿ. ನನಗೆ ಕೆಲಸವನ್ನೇ ಉಳಿಸಿಲ್ಲ ಇವನು."