ಕೊಳದ ತಳದ ಕರಿಕಲ್ಲು

ದಾಕ್ಷಾಯಿಣಿ ಊಟದ ಪಂಕ್ತಿಯನ್ನು ಎರಡು ಸಲ ಎಣಿಸುತ್ತಿದ್ದಳು.

ಒಮ್ಮೆ ಎಡದಿಂದ, ಒಮ್ಮೆ ಬಲದಿಂದ. ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣುಗಳ ಮೇಲೆ ಓಡುತ್ತಿತ್ತು, ತುಟಿ ಅಲುಗುತ್ತಿರಲಿಲ್ಲ. ನಡುವೆ ಯಾರಾದರೂ ನೀರಿಗೆಂದು ಎದ್ದರೆ ಮತ್ತೆ ಮೊದಲಿನಿಂದ. ಅಷ್ಟರಲ್ಲಿ ಅನ್ನ ಆರುತ್ತಿತ್ತು.

ಆಶ್ರಮದಲ್ಲಿ ಯಾರೂ ಅವಳನ್ನು ಅವಸರಪಡಿಸುತ್ತಿರಲಿಲ್ಲ. ಯಾಕೆ ಎಣಿಸುತ್ತಾಳೆಂದು ಎಲ್ಲರಿಗೂ ಗೊತ್ತಿತ್ತು.

ಆಶ್ರಮವಿದ್ದದ್ದು ನದಿಯ ದಂಡೆಯಲ್ಲಿ. ನದಿಯಲ್ಲಿ ಸುಳಿಗಳಿದ್ದವು. ಮೂವತ್ತು ವರ್ಷದ ಹಿಂದೆ ಬೋಧಯ್ಯ ಅಜ್ಜಾರು ಅಲ್ಲಿಗೆ ಬಂದಾಗ ಮೊದಲು ಕಟ್ಟಿಸಿದ್ದು ಗುಡಿಯಲ್ಲ, ಈಜುಕೊಳ. ಈಜು ಬಾರದ ಮಗುವಿಗೆ ಅವರು ಅಕ್ಷರ ಕಲಿಸುತ್ತಿರಲಿಲ್ಲ.

"ಮೊದಲು ಈ ದಡದಿಂದ ಆ ದಡಕ್ಕ ಬಾ. ಆಮೇಲೆ ಅ, ಆ," ಎನ್ನುತ್ತಿದ್ದರು.

ಕೊಳದ ಆಳದ ಕಡೆ, ತಳದಲ್ಲಿ, ಒಂದು ಕರಿಕಲ್ಲಿತ್ತು. ರುಬ್ಬುಗುಂಡಿನಷ್ಟು ದೊಡ್ಡದು. ಹೊಸ ನೀರು ತುಂಬಿದಾಗಲೆಲ್ಲ ಒಂದೇ ಕಟ್ಟಳೆ: ದಡದಲ್ಲಿ ನಿಂತವರಿಗೆ ಆ ಕಲ್ಲು ಕಾಣಬೇಕು. ಕಾಣುವವರೆಗೆ ಯಾರೂ ಇಳಿಯಬಾರದು.

ಹೋದ ವರ್ಷ ನೀರಿನ ಹೊಣೆ ದಾಕ್ಷಾಯಿಣಿಯದಾಗಿತ್ತು. ಬಿಸಿಲು ಸುಡುತ್ತಿತ್ತು. ಮಕ್ಕಳು ಹೆಗಲ ಮೇಲೆ ಟವೆಲ್ ಹಾಕಿಕೊಂಡು ನಾಲ್ಕು ದಿನ ಬೇಲಿಗೆ ಜೋತುಬಿದ್ದಿದ್ದರು. ಐದನೆಯ ದಿನ ಅಜ್ಜಾರು ಜಗಲಿಯಿಂದಲೇ ಕೇಳಿದರು.

"ಕಲ್ಲು ಕಾಣ್ತದೇನು, ದಾಕ್ಷಿ?"

"ಕಾಣ್ತದ್ರೀ," ಎಂದಳು.

ಕಂಡಿರಲಿಲ್ಲ. ನೀರು ಇನ್ನೂ ಅಕ್ಕಿ ತೊಳೆದ ನೀರಿನ ಹಾಗಿತ್ತು. ಮಧ್ಯಾಹ್ನದೊಳಗೆ ತಿಳಿಯಾದೀತು ಎಂದುಕೊಂಡಿದ್ದಳು, ಅಷ್ಟೇ.

ಹದಿನಾಲ್ಕು ಮಕ್ಕಳು ಇಳಿದರು. ಹದಿಮೂರು ಮಕ್ಕಳು ಮೇಲೆ ಬಂದು ಬಟ್ಟೆ ಹಾಕಿಕೊಂಡರು. ಮೆಟ್ಟಿಲ ಮೇಲೆ ಒಂದು ಹಸಿರು ಲಂಗ ಉಳಿಯಿತು.

ಕಸ್ತೂರಿಗೆ ಒಂಬತ್ತು ವರ್ಷ. ನದಿಯ ಜೊಂಡು ಕೊಯ್ದು ಚಾಪೆ ಹೆಣೆಯುವ ನೀಲವ್ವನ ಒಬ್ಬಳೇ ಮಗಳು.

ಆ ಸಂಜೆಯೇ ಕೊಳದ ನೀರನ್ನೆಲ್ಲ ಹೊರಗೆ ಬಿಟ್ಟರು. ವರ್ಷವಿಡೀ ಕೊಳ ಒಣಗಿಯೇ ಇತ್ತು. ಕಲ್ಲು ಕಂಡಿರಲಿಲ್ಲ ಎಂಬುದನ್ನು ದಾಕ್ಷಾಯಿಣಿ ಯಾರಿಗೂ ಹೇಳಲಿಲ್ಲ.

ಶಿವರಾತ್ರಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಜ್ಜಾರು ಕೊಳದ ಅಂಚಿನಲ್ಲಿ ನಿಂತು ಅವಳನ್ನು ಕರೆದರು.

"ತೊಳೆದು ನೀರು ತುಂಬಿಸು."

"ಬೇರೆ ಯಾರಿಗರ ಹೇಳ್ರಿ, ಅಜ್ಜಾರ."

"ಬೇರೆ ಯಾರಿಗೂ ಈ ಕೊಳ ನಿನ್ನಷ್ಟು ಗೊತ್ತಿಲ್ಲ."

"ಅದಕ್ಕೇ ನನ್ನ ಕೈಲೆ ಆಗೂದಿಲ್ಲ."

ಅಜ್ಜಾರು ಬಗ್ಗಿ ಅಂಚಿನ ಮೇಲಿದ್ದ ಬ್ರಷ್ ಎತ್ತಿಕೊಂಡರು.

"ಹನ್ನೊಂದು ಮಕ್ಕಳು ಈಜು ಕಲೀಲಾರದೆ ಕೂತಾರ. ಮಳೆಗಾಲದಾಗ ನದಿ ಅವರ ಅಂಗಳಕ್ಕೇ ಬರ್ತದ," ಎಂದು ಉದ್ದ ಹಿಡಿಯ ಬ್ರಷ್ಷನ್ನು ಅವಳ ಕೈಗಿಟ್ಟು ಹೋದರು.

ದಾಕ್ಷಾಯಿಣಿ ಕೊಳಕ್ಕಿಳಿದು ಗೋಡೆ ಉಜ್ಜಿದಳು. ಮೂಲೆಗಳ ಒಣ ಎಲೆ ತೆಗೆದಳು. ಕರಿಕಲ್ಲನ್ನು ತೊಳೆಯುವಾಗ ಮಾತ್ರ ಕಣ್ಣು ಬೇರೆ ಕಡೆ ಇಟ್ಟಿದ್ದಳು.

ಹಳೆಯ ಬಾವಿ ಬತ್ತಿತ್ತು. ಈ ಸಲ ಹೊಸ ಕೊಳವೆಬಾವಿಯ ನೀರು. ಮೂರು ದಿನ ಬಿದ್ದು ಕೊಳ ತುಂಬಿತು. ಎಂಥ ನೀರು! ದಡದಲ್ಲಿ ನಿಂತರೆ ಕಲ್ಲಿನ ಮೈಮೇಲಿನ ಸೀಳು ಸಹ ಕಾಣುತ್ತಿತ್ತು.

"ಅಜ್ಜಾರ, ಮೊದಲ ದಿನಾನೇ ತಿಳಿಯಾಗ್ಯದ!" ವರ್ಷದಲ್ಲಿ ಮೊದಲ ಬಾರಿ ಅವಳ ದನಿ ಎತ್ತರವಾಗಿತ್ತು.

"ಪುಡಿ ಹಾಕಿದಿಯೇನು?"

"ಇನ್ನೂ ಇಲ್ರೀ."

"ಹಾಕು. ಆಮೇಲೆ ಮಾತಾಡೂಣು."

ಬಕೆಟ್ಟಿನಲ್ಲಿ ಬ್ಲೀಚಿಂಗ್ ಪುಡಿ ಕದಡಿ, ಗಸಿ ಕೆಳಗಿಳಿದ ಮೇಲೆ ಮೇಲಿನ ತಿಳಿಯನ್ನು ಕೊಳದ ಸುತ್ತ ಸುರಿದಳು. ಪಂಪು ನಡೆಯುತ್ತಿತ್ತು. ಒಂದು ತಾಸಾಗುವುದರೊಳಗೆ ನೀರು ಮಬ್ಬಾಯಿತು, ಹಳದಿಯಾಯಿತು, ಆಮೇಲೆ ಕಂದುಬಣ್ಣಕ್ಕೆ ತಿರುಗಿತು. ಕಲ್ಲು ಮಾಯ.

ಬೇಲಿಯಾಚೆಯಿಂದ ಒಂದು ದನಿ ಬಂತು.

"ಅಕ್ಕಾ, ಚಾ ಬಾಳ ಕಾಸೀರಿ!"

"ಸಕ್ರಿ ಹಾಕೀರೋ ಇಲ್ಲೋ?"

"ನನಗ ಅರ್ಧಾ ಕಪ್!"

ಮಕ್ಕಳು ಬಿದ್ದು ಬಿದ್ದು ನಕ್ಕರು. ದಾಕ್ಷಾಯಿಣಿ ಮೆಟ್ಟಿಲ ಮೇಲೆ ಕುಸಿದು ಕೂತಳು. ಅವಳ ಮುಖ ನೋಡಿ ಮಕ್ಕಳ ನಗು ನಿಂತಿತು.

ಅಜ್ಜಾರು ಬಂದರು. ಹೆಗಲ ಮೇಲಿನ ಬಿಳಿ ವಸ್ತ್ರವನ್ನು ನೀರಿನಲ್ಲಿ ಅದ್ದಿ ತೆಗೆದರು. ಬಟ್ಟೆಗೆ ತುಕ್ಕಿನ ಬಣ್ಣ ಹತ್ತಿತ್ತು.

"ಕೆಡಿಸಿದೆ ಅಜ್ಜಾರ. ನಾ ಮುಟ್ಟಿದ್ದೆಲ್ಲ ಹಿಂಗ."

"ಇದು ಕಬ್ಬಿಣ. ಬಂಡೆಯೊಳಗಿಂದ ನೀರಿನ ಜೋಡಿನೇ ಬಂದದ್ದು."

"ಪುಡಿ ಹಾಕೂಕಿಂತ ಮೊದಲು ಇರಲಿಲ್ಲ."

"ಇತ್ತು. ಕಾಣ್ತಿರಲಿಲ್ಲ."

"ಕಾಣದಿದ್ದಾಗ ಎಷ್ಟು ಛಂದ ಇತ್ತು."

"ಛಂದ ಇತ್ತು. ಕಾಣದ್ದನ್ನ ಹೆಂಗ ತೆಗೀತಿದ್ದಿ?"

ಅವರು ಆ ವಸ್ತ್ರವನ್ನು ಹಿಂಡಿ, ಕಲೆ ಸಮೇತ ಮತ್ತೆ ಹೆಗಲ ಮೇಲೆ ಹಾಕಿಕೊಂಡರು. ಆಮೇಲೆ ಅದನ್ನು ಒಗೆಯಲು ಯಾರಿಗೂ ಕೊಡಲಿಲ್ಲ.

ದಾಕ್ಷಾಯಿಣಿ ಕೆಸರು ತಳಕ್ಕೆ ಕೂರಲೆಂದು ಪಟಿಕ ಕರಗಿಸಿ ಸುರಿದಳು. ಪಂಪು ನಿಲ್ಲಿಸಿದಳು. ಎರಡು ದಿನ ನೀರನ್ನು ಯಾರೂ ಮುಟ್ಟಲಿಲ್ಲ. ಕಂದು ಕೆಸರು ಸಣ್ಣ ಸಣ್ಣ ಎಳೆಯಾಗಿ ತಳಕ್ಕಿಳಿಯಿತು. ಅದನ್ನು ಕೊಳವೆಯಿಂದ ಹೀರಿ ಹೊರಗೆ ಬಿಡಬೇಕು. ಕೈ ಜೋರಾದರೆ ಎಲ್ಲ ಕದಡಿ ಮತ್ತೆ ಮೇಲೇಳುತ್ತದೆ. ಅವಳು ಕೊಳವೆ ಕಟ್ಟಿದ ಉದ್ದ ಕೋಲು ಹಿಡಿದು ಅಂಚಿನುದ್ದಕ್ಕೂ ಒಂದೊಂದೇ ಹೆಜ್ಜೆ ಸರಿಯುತ್ತಿದ್ದಳು.

ಮೂರನೆಯ ದಿನ ಅವಳು ಹಾಗೆ ಸರಿಯುತ್ತಿದ್ದಾಗ ಬೇಲಿಯ ಹತ್ತಿರ ನೀಲವ್ವ ನಿಂತಿದ್ದಳು. ತಲೆಯ ಮೇಲೆ ಚಾಪೆಯ ಸುರುಳಿಗಳು.

"ಮತ್ತ ನೀರು ತುಂಬೀರೇನವ್ವ."

ದಾಕ್ಷಾಯಿಣಿಯ ಕೋಲು ನಿಂತಿತು. "ಹೌದವ್ವ."

"ಚಲೋ ಆತು. ಮಕ್ಕಳು ಕಲೀಬೇಕು."

ನೀಲವ್ವ ಹೋಗಲಿಲ್ಲ. ಬಂದಾಗಲೆಲ್ಲ ಕೇಳುತ್ತಿದ್ದ ಮಾತನ್ನೇ ಮತ್ತೆ ಕೇಳಿದಳು.

"ಅವತ್ತು ನೀರು ತಿಳಿ ಇತ್ತಂತ ಅಜ್ಜಾರು ಹೇಳಿದ್ರು. ತಿಳಿನೀರಾಗ ಮುಳುಗಿದ್ರ ಒಬ್ಬರಿಗೂ ಕಾಣೂದಿಲ್ಲೇನವ್ವ?"

ದಾಕ್ಷಾಯಿಣಿ ಕೋಲನ್ನು ಮತ್ತೆ ಸರಿಸಿದಳು.

"ಉಸಿರು ಹಿಡಿಯೋ ಆಟ ಆಡಿರಬೇಕು," ನೀಲವ್ವ ತಾನೇ ಹೇಳಿಕೊಂಡಳು. "ನೋಡಿದವರು ಆಡಾಕ್ಹತ್ತ್ಯಾಳ ಅಂತ ಸುಮ್ಮನಾಗ್ಯಾರ. ಬಾಳ ಹಟಮಾರಿ ಇದ್ಲು. ನನ್ನ ಮಾತು ಯಾವತ್ತು ಕೇಳ್ಯಾಳ?"

ಚಾಪೆ ಇಳಿಸಿ ಅಡುಗೆಮನೆಯ ಕಡೆ ನಡೆದಳು.

ಮರುದಿನ ದಾಕ್ಷಾಯಿಣಿ ಅಜ್ಜಾರ ಹತ್ತಿರ ಹೋಗಿ ಕೂತಳು.

"ನೀರು ಯಾವಾಗ ಸಿದ್ಧ ಆಗ್ತದ, ಅಜ್ಜಾರ?"

"ನೀ ಕಂಡದ್ದನ್ನ ಕಂಡಂಗ ಹೇಳಿದ ದಿನ."

ಅವಳು ಅವರ ಮುಖ ನೋಡಿದಳು. ಅವರು ಹೊಲಿಯುತ್ತಿದ್ದ ಜೋಳಿಗೆಯಿಂದ ತಲೆಯೆತ್ತಲಿಲ್ಲ.

ಮತ್ತೆ ಪಂಪು ಓಡಿಸಿದಳು. ಮರಳಿನ ಫಿಲ್ಟರನ್ನು ದಿನಕ್ಕೆರಡು ಸಲ ತೊಳೆದಳು. ಮತ್ತೆ ಪುಡಿಯ ತಿಳಿ ಸುರಿದಳು. ಈ ಸಲ ನೀರು ಬಣ್ಣ ಬದಲಿಸಲಿಲ್ಲ. ಎರಡು ಗಾಜಿನ ನಳಿಗೆಗಳಲ್ಲಿ ನೀರು ಹಿಡಿದು ಪರೀಕ್ಷೆಯ ಹನಿಗಳನ್ನು ಹಾಕಿ ನೋಡಿದಳು. ಒಂದರಲ್ಲಿ, ಪುಡಿಯ ಅಂಶ ಎಷ್ಟಿರಬೇಕೋ ಅಷ್ಟೇ ಇದೆಯೆಂದು ತೋರುವ ಹಳದಿ. ಇನ್ನೊಂದರಲ್ಲಿ ಕೆಂಪು ಹನಿ ಇರಬೇಕಾದ ಬಣ್ಣಕ್ಕೆ ಬಂತು: ಹುಳಿಯಿಲ್ಲ, ಕ್ಷಾರವಿಲ್ಲ. ದಡದಲ್ಲಿ ನಿಂತಳು. ಕಲ್ಲು ಕಂಡಿತು.

"ಇವತ್ತು ಬಿಡ್ತೀರೇನಕ್ಕಾ?" ಮಕ್ಕಳು ಕೇಳಿದರು.

"ಇವತ್ತು ಬ್ಯಾಡ."

ಮರುದಿನವೂ ಹನಿಗಳು ಸರಿಯಿದ್ದವು. ಕಲ್ಲು ಕಂಡಿತು.

"ಇವತ್ತು?"

"ಬ್ಯಾಡ."

ಮೂರನೆಯ ದಿನ ಮಕ್ಕಳು ಕೇಳುವುದನ್ನೇ ಬಿಟ್ಟರು. ಇಬ್ಬರು ಟವೆಲ್ ತಲೆಗೆ ಸುತ್ತಿಕೊಂಡು ನದಿಯ ಕಡೆ ಹೊರಟಿದ್ದರು. ಅಡುಗೆಯವಳು ನೋಡಿ, ಕಿವಿ ಹಿಡಿದು ಕರೆತಂದಳು.

ಅಜ್ಜಾರು ಕೊಳಕ್ಕೆ ಬಂದರು. ದಾಕ್ಷಾಯಿಣಿಯ ಪಕ್ಕದಲ್ಲಿ ನಿಂತರು.

"ಕಲ್ಲು ಕಾಣ್ತದೇನು?"

"ಕಾಣ್ತದ್ರೀ."

"ಹೋದ ವರ್ಷ?"

ಅವಳು ನಳಿಗೆಯನ್ನು ಬಿಸಿಲಿಗೆ ಹಿಡಿದು ನೋಡಿದಳು.

"ಕಾಣ್ತದಂತ ಹೇಳಿದ್ದೆ."

"ನಾ ಅದನ್ನ ಕೇಳಲಿಲ್ಲ."

ಅವಳು ಕೈಯಲ್ಲಿದ್ದ ನಳಿಗೆಯನ್ನು ಮೆಟ್ಟಿಲ ಮೇಲೆ ಇಟ್ಟಳು. ಅದು ಉರುಳಿತು. ಎತ್ತಿ ಮತ್ತೆ ಇಟ್ಟಳು.

"ಕಂಡಿರಲಿಲ್ಲ," ಎಂದಳು.

ಅಜ್ಜಾರು ಬೈಯಲಿಲ್ಲ. ಸಮಾಧಾನವನ್ನೂ ಹೇಳಲಿಲ್ಲ.

"ನಿಮಗ ಗೊತ್ತಿತ್ತೇನು?"

"ಅವತ್ತು ಎಲ್ಲಾರೂ ನೀಲವ್ವನ ಮನಿಗೆ ಹೋದರು. ನಾ ಇಲ್ಲಿ ಬಂದು ನಿಂತೆ. ನೀರಿನ್ನೂ ಬಿಟ್ಟಿರಲಿಲ್ಲ. ಕಲ್ಲು ಎಲ್ಲಿ ಇದ್ದೀತು ಅಂತ ಹುಡುಕಿದೆ. ಸಿಗಲಿಲ್ಲ."

"ಮತ್ತ ನೀಲವ್ವಗ ತಿಳಿ ಇತ್ತಂತ..."

"ಹೇಳಿದೆ. ನೀ ಉಳೀಬೇಕು ಅಂತ ಹೇಳಿದೆ. ಆಶ್ರಮದ ಹೆಸರು ಉಳೀಲಿ ಅಂತಾನೂ ಹೇಳಿದೆ. ಜಗಲಿಯಿಂದ ಎದ್ದು ಬಂದು ನಾನೇ ನೋಡಿದ್ದರ ಆಗ್ತಿತ್ತು. ಹತ್ತು ಹೆಜ್ಜಿ."

ಅವರ ದನಿ ಎಂದಿನಂತೆಯೇ ಇತ್ತು.

"ಈಗ ಇನ್ನೇನು ಹಾಕಬೇಕು, ಅಜ್ಜಾರ?"

"ನೀರಿಗೆ ಹಾಕೂದು ಮುಗೀತು."

ದಾಕ್ಷಾಯಿಣಿ ಕಣ್ಣೊರೆಸಿಕೊಂಡಳು. "ನಾ ಆಶ್ರಮ ಬಿಟ್ಟು ಹೋಗಲೇನು?"

"ಹೋದರ ನೀಲವ್ವಗ ಹೇಳೂವರು ಯಾರು?"

ಮರುದಿನ ಬೆಳಿಗ್ಗೆ ನೀಲವ್ವ ಬಂದಳು. ಅಜ್ಜಾರು ಬರಹೇಳಿದ್ದರು. ಹೊಸ ಚಾಪೆ ಬೇಕಾಗಿರಬಹುದೆಂದು ಎರಡು ಸುರುಳಿ ಹೊತ್ತುಕೊಂಡೇ ಬಂದಿದ್ದಳು. ಮಕ್ಕಳು ಬೇಲಿಯ ಬಾಗಿಲ ಹೊರಗೆ ಸಾಲಾಗಿ ನಿಂತಿದ್ದರು.

ದಾಕ್ಷಾಯಿಣಿ ಅವಳ ತಲೆಯ ಮೇಲಿನ ಸುರುಳಿಗಳನ್ನು ಇಳಿಸಿಕೊಂಡಳು. ಬಾಗಿಲೊಳಗೆ ಕರೆದುಕೊಂಡಳು. ಕೊಳದ ಮೆಟ್ಟಿಲ ಮೇಲೆ ಕೂರಿಸಿದಳು. ಹೇಳಬೇಕೆಂದು ರಾತ್ರಿಯೆಲ್ಲ ಜೋಡಿಸಿಕೊಂಡ ಮಾತುಗಳು ಒಂದೂ ಬರಲಿಲ್ಲ.

"ನೀರು ತಿಳಿ ಇರಲಿಲ್ಲವ್ವ," ಎಂದಳು.

ನೀಲವ್ವ ಅವಳನ್ನೇ ನೋಡಿದಳು.

"ಅವತ್ತು. ಹಾಲಿನಂಗಿತ್ತು. ಕಲ್ಲು ಕಾಣ್ತಿರಲಿಲ್ಲ. ಕಾಣ್ತದಂತ ನಾ ಸುಳ್ಳು ಹೇಳಿ ಮಕ್ಕಳನ್ನ ಇಳಿಸಿದೆ. ಕಸ್ತೂರಿ ಮುಳುಗಿದ್ದು ಅದಕ್ಕೇ ಯಾರಿಗೂ ಕಾಣಲಿಲ್ಲ."

ಹೊರಗೆ ಮಕ್ಕಳು ಗುಸುಗುಸು ನಿಲ್ಲಿಸಿದರು.

"ಆಟ ಆಡ್ತಿರಲಿಲ್ಲೇನು?" ನೀಲವ್ವ ಕೇಳಿದಳು.

"ಗೊತ್ತಿಲ್ಲವ್ವ. ಯಾರೂ ನೋಡಿಲ್ಲ. ನೋಡಾಕ ಆಗ್ತಿರಲಿಲ್ಲ."

ನೀಲವ್ವನ ಕೈ ಸೆರಗಿನ ತುದಿಯನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು.

"ವರ್ಷಾ ಪೂರ್ತಿ ಬೈದೆ," ಎಂದಳು. "ಜೊಂಡು ಕೊಯ್ಯುವಾಗ ಬೈದೆ. ರೊಟ್ಟಿ ಬಡಿಯುವಾಗ ಬೈದೆ. ಹಟಮಾರಿ, ಮಾತು ಕೇಳಲಿಲ್ಲ, ನಿನ್ನ ಸಾವು ನೀನೇ ತಂದ್ಕೊಂಡಿ ಅಂದೆ. ಸತ್ತ ಕೂಸಿಗೆ."

ಅವಳು ಅಳಲಿಲ್ಲ.

ಅಜ್ಜಾರು ಜಗಲಿಯಿಂದ ಎದ್ದು ಬಂದರು. ನೀಲವ್ವ ಕೂತ ಮೆಟ್ಟಿಲಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತರು. ಅಲ್ಲಿ ನೀರಿತ್ತು, ಧೋತರ ತೊಯ್ದಿತು.

"ತಿಳಿ ಇತ್ತಂತ ನಿನಗ ಹೇಳಿದವ ನಾನು. ಇಲ್ಲಂತ ಗೊತ್ತಿದ್ದೇ ಹೇಳಿದೆ."

ನೀಲವ್ವ ಮುಖ ತಿರುಗಿಸಿ ನದಿಯ ಕಡೆ ನೋಡುತ್ತ ಕೂತಳು.

ಬಿಸಿಲು ಮೆಟ್ಟಿಲುಗಳನ್ನು ದಾಟಿ ನೀರಿಗೆ ಬಂತು. ಬಾಗಿಲ ಹೊರಗಿನ ಸಾಲಿನಿಂದ ಯಾವುದೋ ಚಿಕ್ಕ ಮಗು ಕೇಳಿತು, "ಇವತ್ತೂ ಬ್ಯಾಡೇನ್ರೀ?" ಯಾರೋ ಅದರ ಬಾಯಿ ಮುಚ್ಚಿದರು.

ಅಜ್ಜಾರು ಕೈಮುಗಿದರು. ಆಶ್ರಮದಲ್ಲಿ ಅವರು ಮನುಷ್ಯರಿಗೆ ಕೈಮುಗಿದದ್ದನ್ನು ದಾಕ್ಷಾಯಿಣಿ ಎಂದೂ ನೋಡಿರಲಿಲ್ಲ.

"ತಾಯಿ," ಎಂದರು, "ನಮ್ಮ ಕಣ್ಣು ನಂಬೂ ಹಂಗಿಲ್ಲ. ದಿನಾ ಬೆಳಿಗ್ಗೆ ಮಕ್ಕಳು ಇಳಿಯೂಕಿಂತ ಮೊದಲು ನೀ ಬಂದು ಈ ನೀರು ನೋಡ್ತೀಯೇನು?"